ಬಾಗಿಲ ಮೇಲೆ ನಕ್ಷತ್ರ, ಕಿಟಕಿಗಳ ನಡುವೆ ಇಲ್ಲದ ಕಂಬ

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಅಕ್ಕನ ಮಗ ರಜೆಗೆ ಬಂದಾಗ, ಅಲ್ಲಿನ ಹಳೆ ಸಾಮಾನಿನ ಸಂತೆಯಲ್ಲಿ ಕೊಂಡ ಲೋಹದ ಪೊಲೀಸ್ ಕಾರೊಂದನ್ನು ನನಗೆ ಕೊಟ್ಟ. ಗೇಣಿಗಿಂತ ಉದ್ದವಿದೆ. ಕಪ್ಪು ಮೈ, ಬಿಳಿ ಬಾಗಿಲು, ಅದರ ಮೇಲೆ ನಕ್ಷತ್ರ, ‘ಹೈವೇ ಪ್ಯಾಟ್ರೋಲ್’ ಎಂಬ ಬರಹ, ನೆತ್ತಿಯ ಮೇಲೊಂದು ಕೆಂಪು ದೀಪ. ತಳದಲ್ಲಿ ‘1955 ಬ್ಯೂಕ್ ಸೆಂಚುರಿ, 1:18, ಮೇಡ್ ಇನ್ ಚೈನಾ’ ಎಂದಿದೆ. ಡಬ್ಬಿ ಇಲ್ಲ. ಇಂಥ ಕಾರು ನಿಜಕ್ಕೂ ಓಡಾಡಿತ್ತೇ? ಪರಿಚಿತರೊಬ್ಬರು ಇದು ಅಪರೂಪದ್ದು, ಲಕ್ಷ ಬಾಳುತ್ತದೆ ಎನ್ನುತ್ತಾರೆ. ಹೌದೇ? ಬಾಗಿಲಿಗೆ ಮಾತ್ರ ಬಿಳಿ ಬಣ್ಣ ಯಾಕೆ? ಅಮೆರಿಕದಲ್ಲಿ ಸ್ಟೇಟ್ ಪೊಲೀಸ್ ಬೇರೆ, ಹೈವೇ ಪ್ಯಾಟ್ರೋಲ್ ಬೇರೆಯಂತೆ, ಅದೇಕೆ? ನಮ್ಮ ಮಳೆಗಾಲದಲ್ಲಿ ಇದನ್ನು ಕಾಪಾಡುವುದು ಹೇಗೆ? ಮೊಮ್ಮಗ ಆಡಲು ಕೇಳುತ್ತಾನೆ, ಕೊಡಬಹುದೇ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಕಾರನ್ನು ಪಕ್ಕದಿಂದ ಹಿಡಿದ ಫೋಟೊ ಕಳಿಸಿದ್ದೀರಿ, ಒಳ್ಳೆಯದಾಯಿತು. ನಿಮ್ಮ ಅರ್ಧ ಪ್ರಶ್ನೆಗಳಿಗೆ ಉತ್ತರ ಆ ಫೋಟೊದಲ್ಲೇ ಇದೆ. ಬಾಗಿಲಿನ ಕಿಟಕಿ, ಅದರ ಹಿಂದಿನ ಸೀಟಿನ ಕಿಟಕಿ, ಇವೆರಡರ ನಡುವೆ ನೋಡಿ. ಅಲ್ಲಿ ಚಾವಣಿಯನ್ನು ಹೊರುವ ಕಂಬ ಇಲ್ಲ, ಎರಡೂ ಕಿಟಕಿ ಸೇರಿ ಒಂದೇ ಉದ್ದನೆಯ ಬಯಲಾಗಿದೆ. ಕಾರಿನವರು ಇಂಥ ಮೈಗೆ ಹಾರ್ಡ್‌ಟಾಪ್ ಎನ್ನುತ್ತಾರೆ. 1955ರಲ್ಲಿ ಬ್ಯೂಕ್ ಕಂಪನಿ ಇದನ್ನು ರಿವಿಯೆರಾ ಎಂಬ ಹೆಸರಿನಲ್ಲಿ ಸಾರ್ವಜನಿಕರಿಗೆ ಮಾರುತ್ತಿತ್ತು. ಸೊಗಸಾದ ಕಾರು, ಹಣವಂತರ ಕಾರು. ಪೊಲೀಸರ ಕಾರು ಮಾತ್ರ ಅಲ್ಲ.

ಪೊಲೀಸರ ಬ್ಯೂಕ್ ಬೇರೆಯೇ ಇತ್ತು. ಮಾಡೆಲ್ ಸಂಗ್ರಾಹಕರು ಅದನ್ನು ಇಂದಿಗೂ ನೆನೆಯುವುದು ಅದರ ಹುಟ್ಟಿನ ಕತೆಗಾಗಿ. ಆ ಕಾಲದಲ್ಲಿ ಬ್ಯೂಕ್‌ನವರ ಅಗ್ಗದ ಸಾಲು ಸ್ಪೆಷಲ್. ಅದಕ್ಕೆ 188 ಅಶ್ವಶಕ್ತಿಯ ಎಂಜಿನ್. ಅದೇ ಅಳತೆಯ ಮೈಗೆ 322 ಘನ ಇಂಚಿನ, 236 ಅಶ್ವಶಕ್ತಿಯ ದೊಡ್ಡ ವಿ-8 ಎಂಜಿನ್ ಕೂರಿಸಿದರೆ ಅದು ಸೆಂಚುರಿ. ಸ್ಪೆಷಲ್ ಸಾಲಿನಲ್ಲಿ ಕಂಬವಿರುವ ಎರಡು ಬಾಗಿಲಿನ ಸಾದಾ ಸೆಡಾನ್ ಸಿಗುತ್ತಿತ್ತು. ಸೆಂಚುರಿಯಲ್ಲಿ ಅದು ಇರಲೇ ಇಲ್ಲ, ಏಕೆಂದರೆ ಅಷ್ಟು ದುಡ್ಡು ಕೊಟ್ಟು ದೊಡ್ಡ ಎಂಜಿನ್ ಕೊಳ್ಳುವವನು ಬೋಳು ಸೆಡಾನ್ ಕೇಳುವುದಿಲ್ಲ. ಕ್ಯಾಲಿಫೋರ್ನಿಯಾ ಹೈವೇ ಪ್ಯಾಟ್ರೋಲ್‌ನವರು (ಇನ್ನು ಮುಂದೆ ಸಿಎಚ್‌ಪಿ ಎನ್ನೋಣ) ಕೇಳಿದ್ದು ಅದನ್ನೇ: ಅಗ್ಗದ ಮೈ, ದುಬಾರಿ ಎಂಜಿನ್. ಬ್ಯೂಕ್ ಒಪ್ಪಿತು. ಸ್ಪೆಷಲ್‌ನ ಎರಡು ಬಾಗಿಲಿನ ಚೌಕಟ್ಟಿಗೆ ಸೆಂಚುರಿಯ ಎಂಜಿನ್ನನ್ನೂ ಅಲಂಕಾರವನ್ನೂ ಸೇರಿಸಿ ‘ಮಾಡೆಲ್ 68’ ಎಂದು ಕರೆದು, 260ಕ್ಕೂ ಹೆಚ್ಚು ಕಾರುಗಳನ್ನು ಮಾಡಿಕೊಟ್ಟಿತು. ಕೆಲವಕ್ಕೆ ಕೈಯಿಂದ ಹಾಕುವ ಗೇರು, ಕೆಲವಕ್ಕೆ ಡೈನಾಫ್ಲೋ ಎಂಬ ಆಟೊಮ್ಯಾಟಿಕ್. ಶೋರೂಮಿಗೆ ಹೋಗಿ ಇದನ್ನು ಕೊಡಿ ಎಂದು ಜನಸಾಮಾನ್ಯರು ಕೇಳುವಂತಿರಲಿಲ್ಲ.

ಹಾಗಾಗಿ ಸಿಎಚ್‌ಪಿ ಬ್ಯೂಕ್‌ನ ನಿಜವಾದ ಗುರುತು ಎರಡು. ಮುಂದಿನ ಮಡ್ಗಾರ್ಡಿನ ಪಕ್ಕದಲ್ಲಿ ಸಾಲಾಗಿರುವ ದುಂಡು ತೂತುಗಳನ್ನು ಎಣಿಸಿ. 1955ರ ಸ್ಪೆಷಲ್‌ಗೆ ಬದಿಗೆ ಮೂರು, ಸೆಂಚುರಿಗೆ ನಾಲ್ಕು. ನಿಮ್ಮದರಲ್ಲಿ ನಾಲ್ಕಿವೆ, ಸರಿಯಾಗಿದೆ. ಎರಡನೆಯದು ಆ ಕಂಬ. ನಾಲ್ಕು ತೂತೂ ಇದ್ದು ಕಂಬವೂ ಇರುವ ಎರಡು ಬಾಗಿಲಿನ 1955ರ ಬ್ಯೂಕ್ ಕಂಡರೆ ಅದು ಸರ್ಕಾರಿ ಕೆಲಸಕ್ಕೆ ಹುಟ್ಟಿದ ಕಾರು ಎಂದು ದೂರದಿಂದಲೇ ಹೇಳಬಹುದು. ನಿಮ್ಮ ಮಾಡೆಲ್ ಮಾಡಿದವರ ಬಳಿ ಇದ್ದ ಅಚ್ಚು ಹಾರ್ಡ್‌ಟಾಪಿನದು. ಒಂದು ಹೊಸ ಅಚ್ಚು ಕೊರೆಸುವ ಖರ್ಚು ದೊಡ್ಡದು, ಬಣ್ಣ ಬದಲಿಸುವ ಖರ್ಚು ಚಿಕ್ಕದು. ಆದ್ದರಿಂದ ಒಂದೇ ಅಚ್ಚಿನಿಂದ ಕೆಂಪು ಕಾರು, ಹಸಿರು ಕಾರು, ಫೈರ್ ಚೀಫ್ ಕಾರು, ಪೊಲೀಸ್ ಕಾರು ಎಲ್ಲವನ್ನೂ ತೆಗೆಯುತ್ತಾರೆ. ಕಂಪನಿ ನಾಟಕದಲ್ಲಿ ಬೆಳಗಿನ ಜಾವದವರೆಗೆ ರಾಜನಾಗಿದ್ದವನೇ ಮಾರನೆಯ ರಾತ್ರಿ ಇನ್‌ಸ್ಪೆಕ್ಟರ್ ಟೋಪಿ ಹಾಕಿಕೊಂಡು ಬರುತ್ತಿದ್ದನಲ್ಲ, ಅದೇ ಕತೆ. ಮೋಸ ಎನ್ನಲಾರೆ. ಆದರೆ ಸಂಗ್ರಾಹಕನ ಕಣ್ಣಿಗೆ ಬೆಲೆ ಇಳಿಯುವುದು ಇಲ್ಲೇ.

ಇನ್ನು ನೆತ್ತಿಯ ಮೇಲಿನ ಕೆಂಪು ಬುಗ್ಗೆ. ಅದೂ ಸಲ್ಲದು. ಆ ಕಾಲದ ಸಿಎಚ್‌ಪಿ ಕಾರಿನ ಚಾವಣಿ ಬೋಳಾಗಿತ್ತು. ಎಚ್ಚರಿಕೆ ದೀಪದ ಕೆಲಸ ಮಾಡುತ್ತಿದ್ದದ್ದು ಮುಂಗಾಜಿನ ಪಕ್ಕದಲ್ಲಿ ಕೂರಿಸಿದ ಸ್ಪಾಟ್‌ಲೈಟು. ಕ್ಯಾಲಿಫೋರ್ನಿಯಾ ಕಾನೂನು ತುರ್ತು ವಾಹನಕ್ಕೆ ಮುಂದಿನಿಂದ ಕಾಣುವ, ಮಿಣುಕದೆ ಒಂದೇ ಸಮ ಉರಿಯುವ ಕೆಂಪು ದೀಪ ಇರಲೇಬೇಕು ಎನ್ನುತ್ತದೆ. ಅಲ್ಲಿನ ಪೊಲೀಸ್ ಕಾರುಗಳಲ್ಲಿ ಮಿಣುಕುವ ದೀಪಗಳ ಗದ್ದಲದ ನಡುವೆ ಒಂದು ಕೆಂಪು ದೀಪ ಮಾತ್ರ ಅಲುಗದೆ ಉರಿಯುವುದು ಈ ಕಾರಣಕ್ಕೆ. ನೆತ್ತಿಯ ಮೇಲೆ ಒಂಟಿ ಕೆಂಪು ಬುಗ್ಗೆ ನಿಜವಾಗಿ ಒಪ್ಪುವುದು ಮಿಷಿಗನ್ ಸ್ಟೇಟ್ ಪೊಲೀಸರ ನೀಲಿ ಕಾರಿಗೆ. ಊರೆಲ್ಲ ಎಲ್‌ಇಡಿ ಪಟ್ಟಿಗೆ ಬದಲಾದರೂ ಅವರು ಆ ಒಂಟಿ ದೀಪವನ್ನು ಬಿಟ್ಟುಕೊಟ್ಟಿಲ್ಲ.

ನಕ್ಷತ್ರದ ಮೊನೆಗಳನ್ನು ಲೆನ್ಸ್ ಹಿಡಿದು ಎಣಿಸಿ ನೋಡಿ. ಸಿಎಚ್‌ಪಿ ನಕ್ಷತ್ರಕ್ಕೆ ಏಳು ಮೊನೆ. ಅಗ್ಗದ ಮಾಡೆಲುಗಳಲ್ಲಿ ಐದೋ ಆರೋ ಇರುತ್ತವೆ. ಫೋಟೊದಲ್ಲಿ ನನಗೆ ತಿಳಿಯಲಿಲ್ಲ.

ಬಿಳಿ ಬಾಗಿಲಿನ ಪ್ರಶ್ನೆಗೆ ಬರೋಣ, ಏಕೆಂದರೆ ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಕಾರು ಬಂದ ಮೊದಲ ದಶಕಗಳಲ್ಲಿ ಅಮೆರಿಕದ ಹಲವು ಸಣ್ಣ ಊರುಗಳಿಗೆ ವೇಗದ ದಂಡವೇ ಆದಾಯವಾಗಿತ್ತು. ಪೊದೆಯ ಹಿಂದೆ ಅಡಗಿ ಕೂತು, ಎರಡು ಗುರುತುಗಳ ನಡುವಿನ ದೂರವನ್ನು ಕಾರು ಎಷ್ಟು ಸೆಕೆಂಡಿನಲ್ಲಿ ದಾಟಿತು ಎಂದು ಗಡಿಯಾರ ನೋಡಿ, ಪರಊರಿನವನನ್ನು ಹಿಡಿದು ದುಡ್ಡು ಕೀಳುವುದು. ನಮ್ಮ ಊರುಗಳ ಹೊರಗಿನ ತಿರುವಿನಲ್ಲಿ ಹೆಲ್ಮೆಟ್ ತಪಾಸಣೆಗೆ ಸಿಕ್ಕಿಬಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ಇದಕ್ಕೆ ಕ್ಯಾಲಿಫೋರ್ನಿಯಾದ ಶಾಸನಸಭೆ ಹಾಕಿದ ಕಡಿವಾಣ ಗಟ್ಟಿಯಾಗಿತ್ತು. ಅಳತೆ ಮಾಡಿದ ದೂರಕ್ಕೆ ಗಡಿಯಾರ ಹಿಡಿದು ವೇಗ ಲೆಕ್ಕ ಹಾಕುವುದನ್ನು ‘ಸ್ಪೀಡ್ ಟ್ರ್ಯಾಪ್’ ಎಂದು ನಿಷೇಧಿಸಿತು. ಸಂಚಾರ ನಿಯಮ ಜಾರಿ ಮಾಡುವುದೇ ಮುಖ್ಯ ಕೆಲಸವಾಗಿರುವ ಅಧಿಕಾರಿ ಪೂರ್ಣ ಸಮವಸ್ತ್ರದಲ್ಲಿರಬೇಕು, ಅವನ ವಾಹನಕ್ಕೆ ಎದ್ದು ಕಾಣುವ ನಿಗದಿತ ಬಣ್ಣ ಬಳಿದಿರಬೇಕು ಎಂದಿತು. ಇದನ್ನು ಮೀರಿ ತಂದ ಸಾಕ್ಷ್ಯ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಕಪ್ಪು ಮೈಗೆ ಬಿಳಿ ಬಾಗಿಲು ಬಂದದ್ದು ಚೆಂದಕ್ಕಲ್ಲ. ಪೊಲೀಸನು ಕಳ್ಳನಂತೆ ಅಡಗಬಾರದು ಎಂಬ ಕಾನೂನಿನ ಬಣ್ಣ ಅದು.

ಆ ದೊಡ್ಡ ಎಂಜಿನ್ನಿಗೂ ಇದೇ ಕಾನೂನಿನ ನಂಟಿದೆ. ಗಡಿಯಾರ ಹಿಡಿಯುವಂತಿಲ್ಲ. ರೇಡಾರ್ ಬಂದ ಮೇಲೂ ದಶಕಗಳ ಕಾಲ ಅಲ್ಲಿನ ಶಾಸಕರು ಅದನ್ನು ಸಿಎಚ್‌ಪಿ ಕೈಗೆ ಕೊಡಲು ಒಪ್ಪಲಿಲ್ಲ. ಹಾಗಾದರೆ ವೇಗವಾಗಿ ಹೋದವನನ್ನು ಹಿಡಿಯುವುದು ಹೇಗೆ? ಬೆನ್ನಟ್ಟಿ ಹೋಗಿ, ಅವನ ಹಿಂದೆ ಅಂತರ ಹೆಚ್ಚದಂತೆ ತಗ್ಗದಂತೆ ಅಷ್ಟು ದೂರ ಓಡಿಸಿ, ತನ್ನದೇ ಕಾರಿನ ಸ್ಪೀಡೊಮೀಟರ್ ನೋಡಿ ವೇಗ ಬರೆದುಕೊಳ್ಳಬೇಕು. ಇದಕ್ಕೆ ಪೇಸಿಂಗ್ ಎನ್ನುತ್ತಾರೆ. ಆ ಸ್ಪೀಡೊಮೀಟರ್ ಸರಿಯಾಗಿದೆ ಎಂದು ಪರೀಕ್ಷಿಸಿ ಪ್ರಮಾಣೀಕರಿಸಿರಬೇಕು, ಕಾರು ಎದುರಾಳಿಯ ಕಾರಿಗಿಂತ ವೇಗವಾಗಿರಬೇಕು. 1940ರ ಡಿಸೆಂಬರ್ 30ರಂದು ಲಾಸ್ ಏಂಜಲೀಸಿನ ಅರೋಯೊ ಸೆಕೊ ಪಾರ್ಕ್‌ವೇ ತೆರೆದಾಗ ಶುರುವಾದ ಫ್ರೀವೇ ಕಾಲ ಐವತ್ತರ ದಶಕದ ನಡುವಿಗೆ ರಭಸ ಪಡೆದಿತ್ತು. 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಕಾಯ್ದೆ ದೇಶದುದ್ದಕ್ಕೂ 41,000 ಮೈಲಿ ಹೆದ್ದಾರಿಯ ಜಾಲಕ್ಕೆ ದಾರಿ ಮಾಡಿತು. ಸಿಗ್ನಲ್ಲಿಲ್ಲದ, ಅಡ್ಡದಾರಿಗಳಿಲ್ಲದ ಆ ರಸ್ತೆಯಲ್ಲಿ 188 ಅಶ್ವಶಕ್ತಿ ಸಾಲದು. ಸಿಎಚ್‌ಪಿಯವರು 236 ಕೇಳಿದ್ದು ಶೋಕಿಗಲ್ಲ.

ಸ್ಟೇಟ್ ಪೊಲೀಸ್, ಹೈವೇ ಪ್ಯಾಟ್ರೋಲ್ ಬೇರೆ ಬೇರೆ ಯಾಕೆ ಎಂಬುದಕ್ಕೆ ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಗಣಿಗಳಿಗೆ ಹೋಗಬೇಕು. 1902ರಲ್ಲಿ ಅಲ್ಲಿ ಗಣಿ ಕಾರ್ಮಿಕರ ಭಾರಿ ಮುಷ್ಕರ ನಡೆಯಿತು. ಅದಾದ ಮೇಲೆ 1905ರಲ್ಲಿ ಆ ರಾಜ್ಯ, ಐರ್ಲೆಂಡಿನಲ್ಲಿ ಬ್ರಿಟಿಷರು ಇಟ್ಟಿದ್ದ ಸಶಸ್ತ್ರ ಪೊಲೀಸ್ ದಳದ ಮಾದರಿಯಲ್ಲಿ ಕುದುರೆ ಸವಾರರ ಸ್ಟೇಟ್ ಪೊಲೀಸ್ ಕಟ್ಟಿತು. ಕಾರ್ಮಿಕರ ಪಾಲಿಗೆ ಅವರು ಮುಷ್ಕರ ಮುರಿಯುವ ‘ಕೊಸಾಕ್’ಗಳು, ಅಂದರೆ ರಷ್ಯಾದ ಚಕ್ರವರ್ತಿಯ ಕುದುರೆ ಸೈನಿಕರಂಥವರು. ಈ ಕಹಿ ಬೇರೆ ರಾಜ್ಯಗಳಿಗೂ ಹಬ್ಬಿತು. ರಾಜ್ಯ ಸರ್ಕಾರದ ಕೈಗೆ ಪೂರ್ಣ ಅಧಿಕಾರದ ಪೊಲೀಸ್ ಪಡೆ ಕೊಡಬಾರದು ಎಂದು ಕಾರ್ಮಿಕ ಸಂಘಗಳು ಹಟ ಹಿಡಿದವು. ತಮ್ಮ ಅಧಿಕಾರ ಕುಗ್ಗುತ್ತದೆ ಎಂದು ಕೌಂಟಿಗಳ (ಅಲ್ಲಿನ ಜಿಲ್ಲೆಗಳ) ಪೊಲೀಸ್ ಮುಖ್ಯಸ್ಥರಾದ ಶೆರಿಫ್‌ಗಳೂ ವಿರೋಧಿಸಿದರು. ಅದೇ ಹೊತ್ತಿಗೆ ಕಾರುಗಳು ಹೆಚ್ಚಿ ಅಪಘಾತಗಳಿಗೆ ತಡೆಯಿಲ್ಲದಾಗಿತ್ತು, ಯಾರಾದರೂ ರಸ್ತೆ ಕಾಯಲೇಬೇಕಿತ್ತು. ಹಲವು ರಾಜ್ಯಗಳು ಕಂಡುಕೊಂಡ ನಡುದಾರಿಯೇ ಹೈವೇ ಪ್ಯಾಟ್ರೋಲ್. ಕೆಲಸ ರಸ್ತೆಯ ಮಟ್ಟಿಗೆ, ಮುಷ್ಕರ ಗಿಷ್ಕರದ ತಂಟೆಗೆ ಹೋಗುವಂತಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೂ ಮೊದಲು ಸಂಚಾರ ನೋಡುವವರು ಕೌಂಟಿಗೊಂದು ಬಗೆಯಲ್ಲಿದ್ದರು, ನಿಯಮ ಜಾರಿಯೂ ಒಂದೊಂದು ಕಡೆ ಒಂದೊಂದು ತರ. 1929ರ ಆಗಸ್ಟ್ 14ರಂದು ಅವರನ್ನೆಲ್ಲ ಒಂದೇ ಕೊಡೆಯಡಿ ತಂದು ಸಿಎಚ್‌ಪಿ ಹುಟ್ಟಿತು. ಆರಂಭದಲ್ಲಿ ಅವರ ಬಳಿ ಕಾರಿಗಿಂತ ಮೋಟಾರ್‌ಸೈಕಲ್ಲೇ ಹೆಚ್ಚು. ವಾಹನ ನೋಂದಣಿ ಇಲಾಖೆಯ ಅಂಗವಾಗಿದ್ದದ್ದು 1947ರಲ್ಲಿ ಸ್ವತಂತ್ರ ಇಲಾಖೆಯಾಯಿತು. ತಮಾಷೆಯೆಂದರೆ ಕ್ಯಾಲಿಫೋರ್ನಿಯಾದಲ್ಲಿ ‘ಸ್ಟೇಟ್ ಪೊಲೀಸ್’ ಎಂಬ ಹೆಸರಿನ ಪಡೆಯೂ ಬಹುಕಾಲ ಇತ್ತು. ಆದರೆ ಅವರ ಕೆಲಸ ಸರ್ಕಾರಿ ಕಟ್ಟಡಗಳನ್ನೂ ಅಧಿಕಾರಸ್ಥರನ್ನೂ ಕಾಯುವುದು. 1995ರಲ್ಲಿ ಅದನ್ನು ಹೈವೇ ಪ್ಯಾಟ್ರೋಲ್‌ಗೇ ಸೇರಿಸಿದರು. ಅಲ್ಲಿಗೆ ರಸ್ತೆ ಕಾಯಲು ಹುಟ್ಟಿದವರು ವಿಧಾನಸೌಧವನ್ನೂ ಕಾಯುವವರಾದರು ಅನ್ನಿ. ನಮ್ಮಲ್ಲಿ ಪೊಲೀಸ್ ರಾಜ್ಯಪಟ್ಟಿಯ ವಿಷಯ, ಹೆದ್ದಾರಿ ಗಸ್ತು ಆಯಾ ರಾಜ್ಯದ ಪೊಲೀಸ್ ಇಲಾಖೆಯದೇ ಒಂದು ಕೆಲಸ. ಆದ್ದರಿಂದ ಈ ಭೇದ ನಮಗೆ ವಿಚಿತ್ರವಾಗಿ ಕಾಣುತ್ತದೆ.

ಸಂಗ್ರಾಹಕರಿಗೆ ಇದರಿಂದ ಲಾಭವಾಯಿತು. ರಾಜ್ಯಕ್ಕೊಂದು ಪಡೆ, ಪಡೆಗೊಂದು ಬಣ್ಣ. ಫ್ಲಾರಿಡಾದವರದು ಕಪ್ಪು ಮತ್ತು ಕಂದು ಹಳದಿ, ಮ್ಯಾಸಚೂಸೆಟ್ಸ್‌ನವರದು ಎರಡು ಛಾಯೆಯ ನೀಲಿ, ನ್ಯೂಯಾರ್ಕ್ ಸ್ಟೇಟ್ ಪೊಲೀಸರದು ಕಡುನೀಲಿಯ ಮೇಲೆ ಹಳದಿ. 1990ರ ದಶಕದಲ್ಲಿ ರೋಡ್ ಚಾಂಪ್ಸ್ ಎಂಬ ಅಮೆರಿಕನ್ ಕಂಪನಿ 1:43 ಅಳತೆಯಲ್ಲಿ (ನಿಜವಾದ ಕಾರಿನ 43ನೇ ಒಂದು ಭಾಗ) ಶೆವ್ರೊಲೆ ಕ್ಯಾಪ್ರಿಸ್, ಫೋರ್ಡ್ ಕ್ರೌನ್ ವಿಕ್ಟೋರಿಯಾಗಳನ್ನು ಒಂದೊಂದು ರಾಜ್ಯದ ಬಣ್ಣದಲ್ಲಿ ಬಿಟ್ಟಿತು. ಅಚ್ಚು ಒಂದೇ, ವೇಷ ಬೇರೆ. ಆದರೆ ಅಲ್ಲಿ ನಿಮ್ಮ ಕಾರಿನ ದೋಷವಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ನಿಜವಾಗಿಯೂ ದೇಶದ ಬಹುಪಾಲು ಪೊಲೀಸರು ಅವೇ ಎರಡು ಕಾರುಗಳನ್ನು ಓಡಿಸುತ್ತಿದ್ದರು.

ನಿಮ್ಮ ಬ್ಯೂಕ್‌ಗೆ ಇಷ್ಟು ಹೆಸರು ಬಂದದ್ದು ಟೀವಿಯಿಂದಲೂ ಹೌದು. 1955ರಿಂದ 1959ರವರೆಗೆ ‘ಹೈವೇ ಪ್ಯಾಟ್ರೋಲ್’ ಎಂಬ ಧಾರಾವಾಹಿ 156 ಕಂತು ನಡೆಯಿತು. ಬ್ರಾಡ್ರಿಕ್ ಕ್ರಾಫರ್ಡ್ ಎಂಬ ದಪ್ಪ ದನಿಯ ನಟ ಅದರಲ್ಲಿ ಡ್ಯಾನ್ ಮ್ಯಾಥ್ಯೂಸ್ ಎಂಬ ಅಧಿಕಾರಿ. ರೇಡಿಯೊ ಮೈಕು ಹಿಡಿದು ಆತ ಹೇಳುತ್ತಿದ್ದ ‘ಟೆನ್ ಫೋರ್’ (ತಿಳಿಯಿತು ಎಂಬ ರೇಡಿಯೊ ಸಂಕೇತ) ಮಕ್ಕಳ ಬಾಯಲ್ಲೂ ಓಡಾಡಿತು. ಚಿತ್ರೀಕರಣ ಕ್ಯಾಲಿಫೋರ್ನಿಯಾದಲ್ಲೇ ಆದರೂ ಕತೆಯಲ್ಲಿ ರಾಜ್ಯದ ಹೆಸರು ಹೇಳುತ್ತಿರಲಿಲ್ಲ. ಆಟಿಕೆ ಕಂಪನಿಗಳಿಗೆ ಬೇಕಾದದ್ದೂ ಅದೇ. ಯಾವ ರಾಜ್ಯಕ್ಕೂ ಸೇರದ ‘ಹೈವೇ ಪ್ಯಾಟ್ರೋಲ್’ ಎಲ್ಲ ರಾಜ್ಯಗಳಲ್ಲೂ ಮಾರಾಟವಾಗುತ್ತದೆ.

ಬ್ಯೂಕ್ ಆದಮೇಲೆ ಸಿಎಚ್‌ಪಿಯ ಹೆಚ್ಚಿನ ಗುತ್ತಿಗೆಗಳು ಡಾಜ್ ಕಂಪನಿಯ ಪಾಲಾದವು. ಈ ಸಾಲಿನಲ್ಲಿ ಮಾಡೆಲ್‌ಗಾಗಿ ಜನ ಕಾದು ಕೂರುವ ಕಾರು 1969ರ ಪೊಲಾರಾ. 440 ಘನ ಇಂಚಿನ ಎಂಜಿನ್, 375 ಅಶ್ವಶಕ್ತಿ, ಪರೀಕ್ಷಾ ಪಥದಲ್ಲಿ ಗಂಟೆಗೆ ಸುಮಾರು 147 ಮೈಲಿ, ಅಂದರೆ 235 ಕಿಲೋಮೀಟರಿನ ಆಸುಪಾಸು. ನಾಲ್ಕು ಬಾಗಿಲಿನ ಸಾದಾ ಸೆಡಾನ್ ಅದು ಎಂಬುದನ್ನು ಮರೆಯಬೇಡಿ. 1970ರ ಏಪ್ರಿಲ್‌ನಲ್ಲಿ ನ್ಯೂಹಾಲ್ ಬಳಿ ವಾಹನ ತಪಾಸಣೆಯೊಂದು ಗುಂಡಿನ ಚಕಮಕಿಗೆ ತಿರುಗಿ, ಕೆಲವೇ ನಿಮಿಷಗಳಲ್ಲಿ ಸಿಎಚ್‌ಪಿಯ ನಾಲ್ವರು ಅಧಿಕಾರಿಗಳು ಸತ್ತರು. ಅಮೆರಿಕದ ಪೊಲೀಸರು ಕಾರೊಂದನ್ನು ನಿಲ್ಲಿಸುವ, ಅದರ ಬಳಿ ಹೋಗುವ ಕ್ರಮವೇ ಆಮೇಲೆ ಬದಲಾಯಿತು. ಆ ವರ್ಷಗಳ ಕಪ್ಪುಬಿಳುಪು ಸೆಡಾನ್‌ಗಳನ್ನು ಕಪಾಟಿನಲ್ಲಿಟ್ಟವರಿಗೆ ಇದು ಗೊತ್ತಿರಬೇಕು ಎಂದು ನನ್ನ ಅಭಿಪ್ರಾಯ.

ಮುಂದಿನದು ಇಳಿಗಾಲ. ತೈಲ ಬಿಕ್ಕಟ್ಟು ಬಂತು, 1974ರ ಜನವರಿಯಲ್ಲಿ ದೇಶಕ್ಕೆಲ್ಲ ಗಂಟೆಗೆ 55 ಮೈಲಿಯ ಮಿತಿಗೆ ಸಹಿ ಬಿತ್ತು, ಹೊಗೆಯ ನಿಯಮಗಳು ಎಂಜಿನ್ನಿನ ಕಸುವು ಹೀರಿದವು. 1980ರ ಹೊತ್ತಿಗೆ ಸಿಎಚ್‌ಪಿಗೆ ಸಿಕ್ಕ ಡಾಜ್ ಸೇಂಟ್ ರೀಜಿಸ್ ಎಷ್ಟು ನಿಧಾನವಾಗಿತ್ತೆಂದರೆ ಬೆನ್ನಟ್ಟುವುದಿರಲಿ, ಪೇಸಿಂಗ್ ಮಾಡುವುದೇ ಕಷ್ಟ. ಬೇಸತ್ತ ಇಲಾಖೆ 1982ರಲ್ಲಿ ಫೋರ್ಡ್ ಮಸ್ಟಾಂಗ್ ಎಂಬ ಪುಟ್ಟ ಸ್ಪೋರ್ಟ್ಸ್ ಕಾರುಗಳನ್ನೇ ಸುಮಾರು 400ರಷ್ಟು ಕೊಂಡಿತು. ಬೇರೆ ರಾಜ್ಯಗಳೂ ಅದನ್ನೇ ಮಾಡಿ, 1993ರವರೆಗೆ ಒಟ್ಟು 15,000ದ ಆಸುಪಾಸು ಪೊಲೀಸ್ ಮಸ್ಟಾಂಗ್‌ಗಳು ತಯಾರಾದವು. ಹಿಂದಿನ ಸೀಟಿನಲ್ಲಿ ಕೈದಿಯನ್ನು ಕೂರಿಸಲು ಪಡುತ್ತಿದ್ದ ಪಾಡು ಬೇರೆ ಮಾತು. ಆಮೇಲೆ ಬಂದ ಕ್ರೌನ್ ವಿಕ್ಟೋರಿಯಾ ನಿಮ್ಮ ಅಕ್ಕನ ಮಗನಿಗೂ ಗೊತ್ತಿರುತ್ತದೆ. ಅದರ ಕೊನೆಯ ಕಾರು ಕೆನಡಾದ ಸೇಂಟ್ ಥಾಮಸ್ ಕಾರ್ಖಾನೆಯಿಂದ 2011ರ ಸೆಪ್ಟೆಂಬರ್ 15ರಂದು ಹೊರಬಿತ್ತು. ಈಗ ಅಲ್ಲಿ ಹೆಚ್ಚು ಕಾಣುವುದು ಫೋರ್ಡ್ ಎಕ್ಸ್‌ಪ್ಲೋರರ್. ಮಾಡೆಲ್ ಮಾಡಿದರೂ ಅಷ್ಟಾಗಿ ಮನಸ್ಸಿಗೆ ಹತ್ತದ ಡಬ್ಬಿ ಅದು.

ಈಗ ಲಕ್ಷದ ಮಾತು. ಇಲ್ಲ, ಬಾಳುವುದಿಲ್ಲ. ಚೈನಾದಲ್ಲಿ ಸಾವಿರಗಟ್ಟಲೆ ಎರಕ ಹೊಯ್ದ 1:18 ಮಾಡೆಲ್, ಅದೂ ಡಬ್ಬಿ ಇಲ್ಲದ್ದು, ಅದೂ ತಪ್ಪು ಮೈಯದು. ಕೊಂಡ ಬೆಲೆ ವಾಪಸು ಬಂದರೆ ಅದೃಷ್ಟ. ‘ಲಿಮಿಟೆಡ್ ಎಡಿಷನ್’ ಎಂದು ತಳದಲ್ಲಿ ಅಚ್ಚಾಗಿದ್ದರೂ ಹಿಗ್ಗಬೇಡಿ, ಮಿತಿ ಎಷ್ಟೆಂದು ಹೇಳದ ಮಿತಿಗೆ ಅರ್ಥವಿಲ್ಲ. ಪೊಲೀಸ್ ಮಾಡೆಲುಗಳಲ್ಲಿ ನಿಜವಾಗಿ ಬೆಲೆ ಬರುವುದು ಹಳೆಯ ಬ್ರಿಟಿಷ್ ಡೈಕಾಸ್ಟ್‌ಗಳಿಗೆ, ಅಂದರೆ ಅಚ್ಚಿಗೆ ಲೋಹ ಹೊಯ್ದು ಮಾಡಿದ ಆಟಿಕೆಗಳಿಗೆ. ಡಿಂಕಿ ಕಂಪನಿಯ 258ನೇ ನಂಬರಿನ ‘ಯುಎಸ್ಎ ಪೊಲೀಸ್ ಕಾರ್’ 1960ರಿಂದ ಹಲವು ವರ್ಷ ಮಾರುಕಟ್ಟೆಯಲ್ಲಿತ್ತು. ನಂಬರು ಒಂದೇ, ಕಾರು ಮಾತ್ರ ಮೊದಲು ಡಿಸೋಟೊ ಫೈರ್‌ಫ್ಲೈಟ್, ಆಮೇಲೆ ಡಾಜ್ ರಾಯಲ್, ಫೋರ್ಡ್ ಫೇರ್‌ಲೇನ್, ಕ್ಯಾಡಿಲಾಕ್ ಎಂದು ಬದಲಾಗುತ್ತ ಹೋಯಿತು. ನಾಲ್ಕನ್ನೂ ಹಳದಿ ಡಬ್ಬಿ ಸಮೇತ ಕೂಡಿಸುವುದೇ ಕೆಲವರಿಗೆ ವರ್ಷಗಳ ಕೆಲಸ. ಕಾರ್ಗಿಯವರದು ಶೆವ್ರೊಲೆ ಇಂಪಾಲಾದ ‘ಸ್ಟೇಟ್ ಪ್ಯಾಟ್ರೋಲ್’, ಮ್ಯಾಚ್‌ಬಾಕ್ಸ್‌ನ 55ನೇ ನಂಬರಿನಲ್ಲಿ ಫೇರ್‌ಲೇನ್, ಗ್ಯಾಲಕ್ಸಿ, ಮರ್ಕ್ಯುರಿ ಪೊಲೀಸ್ ಕಾರುಗಳು.

ನಿಮ್ಮ ಅಟ್ಟದಲ್ಲಿ ಅರವತ್ತು ಎಪ್ಪತ್ತರ ದಶಕದ ಲೋಹದ ಆಟಿಕೆಗಳಿದ್ದರೆ ತಳ ತಿರುಗಿಸಿ ನೋಡಿ. ಡಿಂಕಿಯವರು ಬಿಟ್ಟ ಹಳೆಯ ಅಚ್ಚುಗಳು ಕಲ್ಕತ್ತೆಗೆ ಬಂದು, ಅರವತ್ತರ ದಶಕದ ಕೊನೆಗೆ ನಿಕ್ಕಿ ಟಾಯ್ಸ್ ಎಂಬ ಹೆಸರಿನಲ್ಲಿ ಇಲ್ಲೇ ಕಾರುಗಳಾದವು. ಎರಕ ಒರಟು, ಬಣ್ಣ ದಪ್ಪ, ಆದರೂ ಇಂಗ್ಲೆಂಡಿನ ಸಂಗ್ರಾಹಕರು ಅವನ್ನು ಹುಡುಕುತ್ತಾರೆ. ಎಂಬತ್ತರ ದಶಕದಲ್ಲಿ ಲಿಯೊ ಹೆಸರಿನಡಿ ಭಾರತದಲ್ಲಿ ತಯಾರಾದ ಹಾಟ್ ವೀಲ್ಸ್‌ಗಳಿಗೂ ಹಾಗೆಯೇ. ಬೇರೆಲ್ಲೂ ಬಾರದ ಬಣ್ಣಗಳು ಇಲ್ಲಿ ಬಂದಿದ್ದವು ಎಂಬುದೇ ಕಾರಣ. ನಿಮ್ಮ ಪರಿಚಿತರಿಗೆ ಲಕ್ಷದ ಕನಸಿದ್ದರೆ ಬ್ಯೂಕ್ ಬಿಟ್ಟು ಹಳೆ ಸ್ಟೇಷನರಿ ಅಂಗಡಿಗಳ ಮೇಲಿನ ಅರೆಗಳನ್ನು ನೋಡಲಿ.

ಕೆಂಪು ಬುಗ್ಗೆಯನ್ನು ಕಿತ್ತು, ಕಂಬ ಅಂಟಿಸಿ ‘ಸರಿ’ ಮಾಡಬೇಡಿ. ಹವ್ಯಾಸಿಗಳು ಮೂರು ಕೋಡ್ ಇಟ್ಟುಕೊಂಡಿದ್ದಾರೆ. ಕಾರ್ಖಾನೆಯಿಂದ ಹೇಗೆ ಬಂತೋ ಹಾಗೇ ಇದ್ದರೆ ಕೋಡ್ 1, ತಯಾರಕರ ಒಪ್ಪಿಗೆ ಪಡೆದು ಬೇರೆಯವರು ಬದಲಿಸಿದ್ದರೆ ಕೋಡ್ 2, ಯಾರ ಒಪ್ಪಿಗೆಯೂ ಇಲ್ಲದೆ ಮನೆಯಲ್ಲಿ ಬದಲಿಸಿದ್ದರೆ ಕೋಡ್ 3. ಕೋಡ್ 3 ಕೀಳಲ್ಲ, ಪೊಲೀಸ್ ಮಾಡೆಲುಗಳಲ್ಲಿ ಅತ್ಯುತ್ತಮ ಕೈಕೆಲಸ ಇರುವುದೇ ಅಲ್ಲಿ. ಆದರೆ ಅದಕ್ಕೆ ಮೋಟರ್‌ಮ್ಯಾಕ್ಸ್‌ನ 1:24 ಕ್ರೌನ್ ವಿಕ್ಟೋರಿಯಾದಂಥ ಬರಹವಿಲ್ಲದ ಕಾರು ಕೊಂಡು, ನೀರಿನಲ್ಲಿ ನೆನೆಸಿ ಜಾರಿಸುವ ಡೆಕಾಲ್ ಅಂಟಿಸಿ ಶುರು ಮಾಡುವುದು ಲೇಸು. ಉಡುಗೊರೆಯ ಮೇಲೆ ಪ್ರಯೋಗ ಬೇಡ.

ಅಳತೆ ನಿಜವೇ ಎಂದು ನೋಡಲು ಒಂದು ಸುಲಭ ಉಪಾಯ. ನಿಜವಾದ ಬ್ಯೂಕ್‌ನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 122 ಇಂಚು. ಅದನ್ನು 18ರಿಂದ ಭಾಗಿಸಿದರೆ 17 ಸೆಂಟಿಮೀಟರಿಗಿಂತ ಒಂದು ಕೂದಲು ಹೆಚ್ಚು. ಸ್ಕೇಲು ಹಿಡಿದು ಚಕ್ರದ ನಡುವಿನಿಂದ ನಡುವಿಗೆ ಅಳೆಯಿರಿ. ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ 1:18 ಎಂದು ತಳದಲ್ಲಿ ಬರೆದಿರುವುದು ಮಾತಿಗಷ್ಟೇ.

ಮಳೆಗಾಲದ ಚಿಂತೆ ಸರಿಯಾದ ಚಿಂತೆ. ಈ ಕಾರುಗಳು ಕಬ್ಬಿಣದವಲ್ಲ, ಸತುವಿಗೆ ಅಲ್ಯುಮಿನಿಯಂ, ತಾಮ್ರ, ಮೆಗ್ನೀಸಿಯಂ ಬೆರೆಸಿದ ಜಮಾಕ್ ಎಂಬ ಲೋಹದವು. ನ್ಯೂಜೆರ್ಸಿ ಜಿಂಕ್ ಕಂಪನಿ ಇದನ್ನು ರೂಪಿಸಿದ್ದೂ ಸಿಎಚ್‌ಪಿ ಹುಟ್ಟಿದ 1929ರಲ್ಲೇ, ಕಾಕತಾಳೀಯ. ತುಕ್ಕು ಹಿಡಿಯುವುದು ಸ್ಕ್ರೂ ಮತ್ತು ಅಚ್ಚುಕಡ್ಡಿಗಳಿಗೆ. ಆದರೆ ಎರಕಕ್ಕೆ ಸೀಸದ ಕಲಬೆರಕೆ ಸೇರಿದ್ದರೆ ಒಳಗಿನಿಂದಲೇ ಬಿರುಕು ಬಿಟ್ಟು, ಉಬ್ಬಿ, ಕೊನೆಗೆ ಬಿಸ್ಕತ್ತಾಗಿ ಪುಡಿಯಾಗುತ್ತದೆ. ಇದಕ್ಕೆ ಮದ್ದಿಲ್ಲ. ತೇವ ಮತ್ತು ಸೆಕೆ ಅದನ್ನು ಬೇಗ ಮಾಡುತ್ತವೆ. ಯುದ್ಧಪೂರ್ವದ ಡಿಂಕಿಗಳನ್ನು ತಿಂದದ್ದು ಈ ರೋಗ, ಇತ್ತೀಚಿನ ಕೆಲವು ಮಾಡೆಲುಗಳಲ್ಲೂ ಕಂಡಿದೆ. ಬಾನೆಟ್ಟು ಮುಚ್ಚುವಾಗ ಮುಂಚೆ ಇಲ್ಲದ ಬಿಗಿ ಬಂದರೆ, ಬಾಗಿಲ ಸಂದು ಓರೆಯಾದರೆ ಅನುಮಾನಿಸಿ.

ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ರಂಕಿನಲ್ಲಿ ಇಡುವುದು ನಮ್ಮವರ ಮೊದಲ ತಪ್ಪು. ಒಳಗೆ ಸಿಕ್ಕಿಕೊಂಡ ತೇವ ಬಣ್ಣಕ್ಕೆ ಗುಳ್ಳೆ ಎಬ್ಬಿಸುತ್ತದೆ. ಸ್ಪಂಜೂ ಬೇಡ. ಗಾಜಿನ ಬಾಗಿಲಿನ ಕಪಾಟಿನಲ್ಲಿ, ಹೊರಗೋಡೆಗೆ ತಾಗದಂತೆ, ಬಿಸಿಲು ನೇರ ಬೀಳದ ಕಡೆ ಇಡಿ. ಮೂಲೆಗಳಲ್ಲಿ ಸಿಲಿಕಾ ಜೆಲ್ ಪೊಟ್ಟಣವಿಟ್ಟು, ಬಣ್ಣ ಬದಲಿಸಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನೊಳಗೆ ಚಿಕ್ಕ ಬಲ್ಬೊಂದನ್ನು ದಿನಾ ಕೆಲಹೊತ್ತು ಉರಿಸಿದರೆ ಮಲೆನಾಡಿನ ಬೂಷ್ಟು ಹತ್ತಿರ ಬರುವುದಿಲ್ಲ. ಟೈರುಗಳ ಮೇಲೂ ಕಣ್ಣಿರಲಿ. ಮೆದು ಪ್ಲಾಸ್ಟಿಕ್ ಟೈರಿನಿಂದ ಎಣ್ಣೆಯಂಥದ್ದು ಜಿನುಗಿ, ಅದು ನಿಂತ ಪ್ಲಾಸ್ಟಿಕ್ ಪೀಠವನ್ನೇ ಕರಗಿಸಿ ಅಂಟಿಕೊಳ್ಳುವುದುಂಟು. ತಳದ ನಡುವಿಗೆ ಮರದ ತುಂಡು ಕೊಟ್ಟು ಚಕ್ರಗಳು ಕೂದಲೆಳೆಯಷ್ಟು ಮೇಲೇಳುವಂತೆ ನಿಲ್ಲಿಸಿ. ಧೂಳನ್ನು ಮೇಕಪ್ಪಿಗೆ ಬಳಸುವ ಮೆದು ಬ್ರಷ್ಷಿನಿಂದ ತೆಗೆಯಿರಿ, ಒದ್ದೆ ಬಟ್ಟೆಯಿಂದಲ್ಲ. ನಕ್ಷತ್ರದ ಮೇಲಂತೂ ಬೆರಳು ಆಡಿಸಬೇಡಿ, ಆ ಮುದ್ರೆ ತೆಳು.

ಮೊಮ್ಮಗನಿಗೆ ಬ್ಯೂಕ್ ಕೊಡಬೇಡಿ. ಬೆಲೆಗಾಗಿ ಅಲ್ಲ, ಮೊದಲು ಮುರಿಯುವುದು ಆ ಸ್ಪಾಟ್‌ಲೈಟ್ ಕಡ್ಡಿ ಮತ್ತು ಆಂಟೆನಾ, ಅವು ಚೂಪು, ಬಾಯಿಗೆ ಹೋಗುವಷ್ಟು ಚಿಕ್ಕವು. ಅಟ್ಟದಲ್ಲಿ ಹಳೆಯ ಡಿಂಕಿ ಸಿಕ್ಕರೆ ಅದನ್ನೂ ಕೊಡಬೇಡಿ, ಆ ಕಾಲದ ಬಣ್ಣದಲ್ಲಿ ಸೀಸ ಇರುತ್ತಿತ್ತು. ಗ್ರೀನ್‌ಲೈಟ್ ಕಂಪನಿಯ ‘ಹಾಟ್ ಪರ್ಸ್ಯೂಟ್’ ಸರಣಿಯಲ್ಲಿ 1:64 ಅಳತೆಯ ಪೊಲೀಸ್ ಕಾರುಗಳು ರಾಜ್ಯವಾರು ಸಿಗುತ್ತವೆ, ಬಣ್ಣ ಬರಹಗಳನ್ನು ತಕ್ಕಮಟ್ಟಿಗೆ ನೋಡಿಕೊಂಡೇ ಮಾಡುತ್ತಾರೆ. ಆದರೆ ಅವೂ ದೊಡ್ಡವರ ಸಂಗ್ರಹಕ್ಕೆಂದು ಮಾಡಿದವು, ಡಬ್ಬಿಯ ಮೇಲೆ ಬರೆದಿರುವ ವಯಸ್ಸು ನೋಡಿ ಕೊಡಿ. ಹುಡುಗ ಇನ್ನೂ ಚಿಕ್ಕವನಾದರೆ ಪೇಟೆಯಲ್ಲಿ ಸಿಗುವ ಸಾಧಾರಣ ಹಾಟ್ ವೀಲ್ಸ್ ಪೊಲೀಸ್ ಕಾರೇ ಸಾಕು. ಅದನ್ನು ಗೋಡೆಗೆ ಹೊಡೆಸಿದರೂ ನಿಮಗೆ ಎದೆ ಝಲ್ ಎನ್ನುವುದಿಲ್ಲ. ಅಕ್ಕನ ಮಗ ಮುಂದಿನ ಸಲ ಬರುವಾಗ ಏನು ತರಲಿ ಎಂದು ಕೇಳಿದರೆ, ಸಿಎಚ್‌ಪಿ ಬಣ್ಣದ 1969ರ ಪೊಲಾರಾ ಹುಡುಕಲು ಹೇಳಿ. ನೆತ್ತಿಯ ಮೇಲೆ ಬುಗ್ಗೆ ಇಲ್ಲದ್ದು, ಡಬ್ಬಿ ಇರುವುದು.